ಶೇಕಡಾ ಗುರುತಿನ ಮುಂದಿನ ಸಾಲು

ಕಾಗದನಗರ, ಭದ್ರಾವತಿ
೬ ಜನವರಿ ೨೦೨೫

ಚಿ. ಸ್ಫೂರ್ತಿಗೆ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ರೂಢಿ. ಹಾಗೆ ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ನಾನು ದಿವ್ಯಶ್ರೀಯ ಅಪ್ಪ ಸುಬ್ಬಪ್ಪ. ಹಾಸ್ಟೆಲಿನಲ್ಲಿದ್ದಾಗ ನೀನು ಅವಳ ಜೊತೆ ಎರಡು ಮೂರು ಸಲ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದೆ. ಅವಳ ಅಮ್ಮ ಸಣ್ಣಮ್ಮನ ಅಕ್ಕಿರೊಟ್ಟಿ ತಿಂದು "ಇನ್ನೊಂದು ಹಾಕಿ ಆಂಟಿ" ಅಂದಿದ್ದೆ. ಆಮೇಲೆ ನೀವಿಬ್ಬರೂ ಮಾತು ಬಿಟ್ಟಿರಿ. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈಗ ಕೇಳಿದರೂ ಅವಳು ಹೇಳಲಾರಳು.

ಅಕ್ಟೋಬರ್ ಹದಿನೇಳರಂದು ಆಯನೂರಿನಿಂದ ಸ್ಕೂಟಿಯಲ್ಲಿ ವಾಪಸ್ ಬರುವಾಗ ಮಾಚೇನಹಳ್ಳಿ ಹತ್ತಿರ ಲಾರಿ ತಗುಲಿತು. ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಆದರೆ ಮಾತು ಹೋಯಿತು, ಬಲಗೈ ಹೋಯಿತು, ಓದು ಬರಹವೂ ಹೋಯಿತು. ನೀರು ಬೇಕಾದರೆ "ಬಾ ಬಾ" ಅನ್ನುತ್ತಾಳೆ, ಬೇಡದಿದ್ದರೂ "ಬಾ ಬಾ" ಅನ್ನುತ್ತಾಳೆ. ಅವಳಿಗೆ ಎಷ್ಟು ಅರ್ಥವಾಗುತ್ತದೆ ಎಂದು ಕೇಳಿದರೆ ಡಾಕ್ಟರು ಆಕಾಶ ನೋಡುತ್ತಾರೆ.

ಅವಳ ಥೀಸಿಸ್ ಬಹುತೇಕ ಮುಗಿದಿತ್ತು. ನಿನಗೆ ಗೊತ್ತಿರುವುದೇ, ಮರದ ತೊಗಟೆ ಮೇಲೆ ಬೆಳೆಯುವ ಕಲ್ಲುಹೂವು. ಹೊಗೆ ಇರುವ ಕಡೆ ಅದು ಬದುಕುವುದಿಲ್ಲವಂತೆ. ನಮ್ಮ ಕಾಗದದ ಗಿರಣಿ ನಿಂತ ಮೇಲೆ ಅದು ಮರಳಿ ಬರುತ್ತಿದೆಯೇ ಎಂದು ಆರು ವರ್ಷ ಮರಮರಕ್ಕೂ ಅಲೆದಳು. "ನಮ್ಮ ಅನ್ನ ಹೋಯ್ತು, ನಿನ್ನ ಕಲ್ಲುಹೂವು ಬಂತು, ಪಲಾವಿಗಾದ್ರೂ ತಗೊಂಡು ಬಾ ಮಾರಾಯ್ತಿ" ಎಂದು ನಾನು ರೇಗಿಸುತ್ತಿದ್ದೆ. ಅವಳ ಗೈಡ್ ಮೇಡಂ ಓಡಾಡಿ ಮಾರ್ಚ್ ಮೂವತ್ತೊಂದರ ತನಕ ಕೊನೆಯ ಅವಕಾಶ ಕೊಡಿಸಿದ್ದಾರೆ. ಅದು ತಪ್ಪಿದರೆ ಆರು ವರ್ಷವೂ ನೀರಿಗೆ ಹಾಕಿದ ಹಾಗೆ.

ಉಳಿದಿರುವುದು ಐದನೇ ಅಧ್ಯಾಯದ ಚಿತ್ರಗಳು. ಹನ್ನೊಂದು ಮರ, ಒಂದೊಂದಕ್ಕೆ ಎರಡು ಫೋಟೋ. ಮೊದಲು ಹೇಗಿತ್ತು, ಐದು ವರ್ಷ ಆದ ಮೇಲೆ ಹೇಗಿದೆ ಎಂದು ಅಕ್ಕಪಕ್ಕ ಇಡಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ಹಸಿರು ಬಾಣದ ಗುಂಡಿ ಒತ್ತಿದರೆ ಪುಟಗಳು ಬರುತ್ತವೆ, ಆದರೆ ಚಿತ್ರ ಒಂದು ಪುಟದಲ್ಲಿ, ಅದರ ಮಾತು ಇನ್ನೊಂದು ಪುಟದಲ್ಲಿ. ಅವಳು ಥೀಸಿಸ್ ಬರೆದಿರುವ ಸಾಫ್ಟ್‌ವೇರ್, ಈ ಲೇಟೆಕ್, ಮೇಡಂಗೆ ಬರುವುದಿಲ್ಲ. ಕಡತದ ತಲೆಯಲ್ಲಿ "ಜೋಡಿ, ಸ್ಫೂ ಮಾಡಿದ್ದು" ಎಂದು ಕಂಡಿತು. ಸ್ಫೂ ಅಂದರೆ ನೀನೇ ಎಂದು ಗೊತ್ತಾಯಿತು. ಗಿರಣಿಯ ಸದ್ದಿಗೆ ನನ್ನ ಎರಡೂ ಕಿವಿ ಮಂದವಾಗಿವೆ, ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ತೆಗೆದರೆ ಅವಳು ಅಳುತ್ತಾಳೆ, ಮುಚ್ಚಿದರೂ ಅಳುತ್ತಾಳೆ. ಒಂದು ಸಲ ಬಂದು ನೋಡುತ್ತೀಯಾ?

ನಿನ್ನ ಒಳ್ಳೆಯದನ್ನು ಬಯಸುವ,
ಸುಬ್ಬಪ್ಪ


ದುರ್ಗಿಗುಡಿ, ಶಿವಮೊಗ್ಗ
೧೫ ಜನವರಿ ೨೦೨೫

ಸುಬ್ಬಪ್ಪ ಅಂಕಲ್‌ಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ನಾನು ಪಿಎಚ್‌ಡಿ ಬಿಟ್ಟು ಇಲ್ಲಿ ಥೀಸಿಸ್ ಟೈಪಿಂಗ್ ಮತ್ತು ಬೈಂಡಿಂಗ್ ಅಂಗಡಿಯಲ್ಲಿದ್ದೇನೆ. ಮಾರ್ಚ್ ತನಕ ನಮಗೆ ಸೀಸನ್, ಭಾನುವಾರವೂ ಬಾಗಿಲು ತೆರೆದಿರುತ್ತದೆ. ಬರಲಾಗುವುದಿಲ್ಲ. ಮಾಡಬೇಕಾದ್ದನ್ನು ಬರೆದು ಕಳಿಸುತ್ತೇನೆ, ಕಷ್ಟವಿಲ್ಲ.

ಲೇಟೆಕ್‌ನಲ್ಲಿ ಪುಟವನ್ನು ನಾವು ಕೈಯಾರೆ ಜೋಡಿಸುವುದಿಲ್ಲ. ಏನು ಬೇಕು ಎಂದು ಬರೆಯುತ್ತೇವೆ, ಅದು ಜೋಡಿಸುತ್ತದೆ. ಚಿತ್ರವನ್ನು ಅದರ ಪಾಡಿಗೆ ಬಿಟ್ಟರೆ ಜಾಗ ಸಿಕ್ಕ ಪುಟಕ್ಕೆ ಹೋಗಿ ಕೂರುತ್ತದೆ, ಬಸ್ಸಿನಲ್ಲಿ ಸೀಟು ಸಿಕ್ಕಲ್ಲಿ ಕೂತ ಹಾಗೆ. ದಿವ್ಯಾಗೆ ಅದು ಆಗುತ್ತಿರಲಿಲ್ಲ. ಹಾಗಾಗಿ ಅವಳಿಗೆ ನಾನೊಂದು ಚೌಕಟ್ಟು ಮಾಡಿಕೊಟ್ಟೆ. ಎನ್ವಿರಾನ್‌ಮೆಂಟ್ ಅನ್ನುತ್ತಾರೆ. ಅದಕ್ಕೆ ಜೋಡಿ ಎಂದು ಹೆಸರಿಟ್ಟೆವು. ಅದರೊಳಗೆ ಎರಡು ಚಿತ್ರ ಇಟ್ಟರೆ ಅಕ್ಕಪಕ್ಕ ನಿಲ್ಲುತ್ತವೆ, ಕೆಳಗೆ ಅಡಿಬರಹ ಬರುತ್ತದೆ, ಮೂರೂ ಒಂದೇ ಪುಟದಲ್ಲಿ. ಅಡಿಬರಹ ಖಾಲಿ ಬಿಟ್ಟರೆ ಕೆಂಪು ಅಕ್ಷರದಲ್ಲಿ ಬೈದು ನಿಂತುಬಿಡುತ್ತದೆ. ಅವಳು ಯಾವಾಗಲೂ ಅಡಿಬರಹ ಮರೆಯುತ್ತಿದ್ದಳು, ಅದಕ್ಕೇ ಹಾಗೆ ಮಾಡಿದ್ದೆ.

ಐದನೇ ಅಧ್ಯಾಯದಲ್ಲಿ ಅವಳು ಅವಸರಕ್ಕೆ ಜೋಡಿ ಬಳಸದೆ ಮಾಮೂಲಿ ಫಿಗರ್ ಹಾಕಿರಬೇಕು. 'ಬಿಗಿನ್ ಫಿಗರ್', 'ಎಂಡ್ ಫಿಗರ್' ಎಂದು ಕಂಡಲ್ಲೆಲ್ಲ ಫಿಗರ್ ತೆಗೆದು ಜೋಡಿ ಎಂದು ಬರೆಯಿರಿ, ಅಷ್ಟೇ. ನಡುವೆ ಶೇಕಡಾ ಗುರುತು ಕಂಡರೆ ಗಾಬರಿಯಾಗಬೇಡಿ. ಅದರ ಮುಂದೆ ಏನೇ ಬರೆದಿದ್ದರೂ ಕಂಪ್ಯೂಟರ್ ನೋಡುವುದಿಲ್ಲ, ಅಚ್ಚಾಗುವುದಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದಿವ್ಯಾ ಬೇಗ ಹುಷಾರಾಗಲಿ.

ಇಂತಿ,
ಸ್ಫೂರ್ತಿ


ಕಾಗದನಗರ
೪ ಫೆಬ್ರವರಿ ೨೦೨೫

ಚಿ. ಸ್ಫೂರ್ತಿಗೆ,

ನೀನು ಬರಲಿಲ್ಲ ಎಂದು ಸಣ್ಣಮ್ಮನಿಗೆ ಬೇಜಾರು. ನನಗೂ ಸ್ವಲ್ಪ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಕಾಗದ ಎದುರಿಗಿಟ್ಟುಕೊಂಡು ನಾನೇ ಮಾಡಿದೆ. ಅರವತ್ತೈದರ ಮುದುಕ ಲೇಟೆಕ್ ಕಲಿತ ಎಂದು ನಿನ್ನ ಅಂಗಡಿಗೊಂದು ಬೋರ್ಡು ಹಾಕಿಸು.

ಫಿಗರ್ ತೆಗೆದೆ, ಜೋಡಿ ಹಾಕಿದೆ. ಇಷ್ಟಕ್ಕೇ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಗಿರಣಿಯ ಫಿನಿಶಿಂಗ್ ಹೌಸಿನಲ್ಲಿ ನನಗಿದ್ದದ್ದು ಒಂದೇ ಕೆಲಸ. ಹಾಳೆ ತಿರುವುವುದು, ಕರೀ ಚುಕ್ಕೆಯೋ ಕಸವೋ ಕಂಡರೆ ಆ ಹಾಳೆಯನ್ನು ಆಚೆ ಎಳೆಯುವುದು. ಸಣ್ಣಮ್ಮ ಆರಿಸಿದ ಅಕ್ಕಿಯಲ್ಲೂ ನಾನೊಂದು ಕಲ್ಲು ಹುಡುಕುತ್ತೇನೆ, ಅದಕ್ಕೆ ಬೈಸಿಕೊಳ್ಳುತ್ತೇನೆ. ಆ ಕಡತ ನೋಡಿದರೆ ಎಲ್ಲಿ ನೋಡಿದರೂ ಶೇಕಡಾ ಗುರುತು, ಅದರ ಮುಂದೆ ಗೀಚಿದ ಕನ್ನಡ. ಅಚ್ಚಾಗುವುದಿಲ್ಲ, ಇದ್ದರೂ ಇಲ್ಲದಿದ್ದರೂ ಒಂದೇ ಎಂದು ನೀನು ಬರೆದಿದ್ದೆ. ಮೇಡಂ ಕೈಗೆ ಕಸ ತುಂಬಿದ್ದನ್ನು ಕೊಡುವುದು ಹೇಗೆ ಎಂದು ನಾಲ್ಕು ದಿನ ಕೂತು ಎಲ್ಲವನ್ನೂ ಅಳಿಸಿದೆ. ನಿನ್ನ ಜೋಡಿಯಲ್ಲಿ ಸಾಲಿನ ತುದಿಗೆ ಇದ್ದವನ್ನೂ ಬಿಡಲಿಲ್ಲ. ಟೈಪ್ ಮಾಡಲು ನನ್ನ ಬೆರಳು ಏಳುವುದಿಲ್ಲ, ಅಳಿಸಲು ಒಂದೇ ಬೆರಳು ಸಾಕಾಯಿತು. ಈಗ ಕಡತ ಹೊಸ ಹಾಳೆಯ ಹಾಗಿದೆ.

ನಾನು ಅಳಿಸುವಾಗ ದಿವ್ಯಾ ಮಂಚದ ಮೇಲಿಂದ ನೋಡುತ್ತಿದ್ದಳು. ಎಡಗೈಯಲ್ಲಿ ಮಂಚದ ಪಟ್ಟಿ ಬಡಿದು "ಬಾ ಬಾ ಬಾ" ಅಂದಳು. ಇಷ್ಟು ದಿನದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದಿಲ್ಲ. ನನಗೆ ಖುಷಿಯಾಯಿತು. "ತಡಿ ಮಗಳೆ, ಇನ್ನೊಂಚೂರು ಇದೆ, ಕ್ಲೀನ್ ಮಾಡಿ ಕೊಡ್ತೀನಿ" ಅಂದೆ.

ಒಂದೇ ತೊಂದರೆ. ಚಿತ್ರಗಳು ಅಕ್ಕಪಕ್ಕ ನಿಲ್ಲುತ್ತಿಲ್ಲ. ಎರಡನೆಯದು ಜಾರಿ ಮೊದಲನೆಯದರ ಕೆಳಗೆ ಬೀಳುತ್ತದೆ. ಮೊದಲ ನಾಲ್ಕು ಅಧ್ಯಾಯಗಳಲ್ಲೂ ಹಾಗೇ ಆಗಿದೆ. ಐದನೆಯದರಲ್ಲಿ ಅಡಿಬರಹದ ಜಾಗದಲ್ಲಿ ಬರೀ ಒಂದೊಂದು ಚುಕ್ಕೆ ಇದೆ. ಅದನ್ನೂ ತೆಗೆಯಲು ಹೋದೆ, ಕೆಂಪು ಅಕ್ಷರದಲ್ಲಿ ಬೈಯಿತು, ವಾಪಸ್ ಇಟ್ಟೆ. ಪುಟಗಳನ್ನು ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಏನು ಮಾಡಬೇಕು ಬರೆ.

ಆಶೀರ್ವಾದಗಳೊಂದಿಗೆ,
ಸುಬ್ಬಪ್ಪ


ದುರ್ಗಿಗುಡಿ, ಶಿವಮೊಗ್ಗ
೮ ಫೆಬ್ರವರಿ ೨೦೨೫

ಅಂಕಲ್,

ಲ್ಯಾಪ್‌ಟಾಪ್ ಆಫ್ ಮಾಡಿ. ದಯವಿಟ್ಟು ಇನ್ನು ಏನನ್ನೂ ಮುಟ್ಟಬೇಡಿ.

ಚಿತ್ರ ಕೆಳಗೆ ಬೀಳುತ್ತಿರುವುದು ದೊಡ್ಡ ವಿಷಯವಲ್ಲ. ಸಾಲಿನ ತುದಿಯ ಶೇಕಡಾ ಗುರುತುಗಳನ್ನು ನಾನೇ ಇಟ್ಟಿದ್ದು. ಅವು ಇಲ್ಲದಿದ್ದರೆ ಎರಡು ಚಿತ್ರಗಳ ನಡುವೆ ಕೂದಲೆಳೆಯಷ್ಟು ಜಾಗ ನುಸುಳುತ್ತದೆ. ಅಷ್ಟು ಹೆಚ್ಚಾದರೂ ಪುಟದ ಅಗಲ ಸಾಲದೆ ಎರಡನೆಯದು ಕೆಳಗೆ ಹೋಗುತ್ತದೆ. ಅದನ್ನು ನಾನು ಎರಡು ನಿಮಿಷದಲ್ಲಿ ಸರಿಮಾಡುತ್ತೇನೆ.

ಉಳಿದವು ನನ್ನಿಂದ ಆಗುವುದಿಲ್ಲ. ನೀವು ಗೀಚಿದ್ದು ಅಂದಿರಿ. ಅವು ದಿವ್ಯಾ ತನಗೆ ತಾನು ಬರೆದುಕೊಂಡ ಟಿಪ್ಪಣಿಗಳು. ಅಡಿಬರಹ ಆಮೇಲೆ ಬರೆಯೋಣ ಎಂದು ನನ್ನ ಗದರಿಕೆ ತಪ್ಪಿಸಿಕೊಳ್ಳಲು ಅಲ್ಲೊಂದು ಚುಕ್ಕೆ ಇಟ್ಟು, ಯಾವ ಚಿತ್ರ ಯಾವ ಮರದ್ದು, ಯಾವ ಊರು, ಯಾವ ವರ್ಷ ಎನ್ನುವುದನ್ನೆಲ್ಲ ಮೇಲಿನ ಸಾಲಿನಲ್ಲಿ ಆ ಗುರುತು ಹಾಕಿ ಬರೆದಿಡುತ್ತಿದ್ದಳು. ಮೊದಲ ಅಧ್ಯಾಯದಿಂದಲೂ ಅದು ಅವಳ ಅಭ್ಯಾಸ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ನಿಮಗೆ ಬರೆದೆ.

ಅವಳ ಫೀಲ್ಡ್ ಪುಸ್ತಕ ಎಲ್ಲಿದೆ? ಪೆನ್‌ಡ್ರೈವ್? ನೆನಪಿರುವ ಸಾಲು ಅರ್ಧವಾದರೂ ಸರಿ, ಬರೆದು ಕಳಿಸಿ. ಲ್ಯಾಪ್‌ಟಾಪನ್ನು ಯಾರ ಕೈಯಲ್ಲಾದರೂ ಅಂಗಡಿಗೆ ಕಳಿಸಿ.

ಸ್ಫೂರ್ತಿ


ಕಾಗದನಗರ
೧೪ ಫೆಬ್ರವರಿ ೨೦೨೫

ಅಮ್ಮಾ ಸ್ಫೂರ್ತಿ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಅಂತ ಗಾದೆ, ನನ್ನದು ಅದಕ್ಕಿಂತ ಕಡೆ. ಇದ್ದ ಗಣಪತಿಯನ್ನೂ ಒಡೆದೆ. ಸಣ್ಣಮ್ಮನಿಗೆ ಇನ್ನೂ ಹೇಳಿಲ್ಲ.

ಫೀಲ್ಡ್ ಪುಸ್ತಕ, ಪೆನ್‌ಡ್ರೈವ್, ಅವಳ ಫೋನು ಎಲ್ಲ ಬ್ಯಾಗಿನಲ್ಲಿದ್ದವು. ಆ ದಿನ ಜನ ಅವಳನ್ನು ಎತ್ತಿದರು, ಬ್ಯಾಗನ್ನು ಯಾರೂ ನೋಡಲಿಲ್ಲ. ಮಾಚೇನಹಳ್ಳಿಯಲ್ಲಿ ಅಂಗಡಿ ಅಂಗಡಿ ಕೇಳಿ ಬಂದಿದ್ದೇನೆ. ಲ್ಯಾಪ್‌ಟಾಪನ್ನು ತಮ್ಮನ ಮಗ ಯೋಗೇಶ್ ನಾಳೆ ತಂದುಕೊಡುತ್ತಾನೆ.

ನೆನಪಿರುವುದು ಇಷ್ಟೇ. ಒಂದು ಕಡೆ "ಮೋಡ ಇತ್ತು, ಬೆಳಕು ಸಾಲದು" ಎಂದಿತ್ತು. ಇನ್ನೊಂದು ಕಡೆ "ಈ ಮರ ಕಡಿದುಬಿಟ್ಟಿದ್ದಾರೆ, ಇನ್ನು ಸಿಗಲ್ಲ." ಅದು ಯಾವ ಚಿತ್ರದ ಮೇಲಿತ್ತೋ ಗೊತ್ತಿಲ್ಲ. ಮತ್ತೊಂದು ಕಡೆ "ಅಪ್ಪನ್ನ ಕೇಳು, ಗಿರಣಿ ಹೊಗೆ ಯಾವ ಕಡೆ ಹೋಗ್ತಿತ್ತು." ಅದನ್ನು ಓದಿದೆ. ಇವಳು ಕೇಳಲೇ ಇಲ್ಲವಲ್ಲ ಎಂದುಕೊಂಡೆ. ಅಳಿಸಿ ಮುಂದೆ ಹೋದೆ. ನಾನು ಎಂಥ ಮನುಷ್ಯ ನೋಡು.

ನಿನ್ನ ಹೆಸರೂ ಇತ್ತು. ಕೊನೆಯ ಚಿತ್ರದ ಹತ್ತಿರ "ಸ್ಫೂ ಹತ್ರ ಕೇಳ್ಬೇಕು" ಎಂದು ಶುರುವಾಗಿ ನಾಲ್ಕೈದು ಸಾಲು ಇತ್ತು. ಉದ್ದಕ್ಕಿತ್ತು, ಅದಕ್ಕೇ ಓದಲಿಲ್ಲ. ಅದೊಂದನ್ನಾದರೂ ಓದಿದ್ದರೆ ಈಗ ನಿನಗೆ ಹೇಳುತ್ತಿದ್ದೆ.

ಇಪ್ಪತ್ತೆರಡು ಫೋಟೋಗಳನ್ನೂ ಎದುರಿಗೆ ಹರಡಿ ಕೂತಿದ್ದೇನೆ. ನನ್ನ ಕಣ್ಣಿಗೆ ಎಲ್ಲವೂ ತೊಗಟೆ ಮೇಲಿನ ಬೂದು ಮಚ್ಚೆ. ಒಂದನ್ನು ಮಾತ್ರ ಬಲ್ಲೆ. ಮೊದಲನೆಯದು ನಮ್ಮ ಮನೆ ಮುಂದಿನ ಬೇವಿನ ಮರ. ನಾನು ಬಟ್ಟೆ ಹಗ್ಗ ಕಟ್ಟಲು ಹೊಡೆದ ಮೊಳೆ ಅದರಲ್ಲಿ ಕಾಣುತ್ತದೆ. ಹನ್ನೊಂದರಲ್ಲಿ ಒಂದು.

ಅವತ್ತು ಅವಳು ಮಂಚ ಬಡಿದದ್ದು ಖುಷಿಗಲ್ಲ. ಬೇಡ ಬೇಡ ಅಂತ ಕೂಗಿದ್ದು. ನನ್ನ ಕಿವಿ ಮಂದ ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ, ನನಗೆ ಕೇಳಿಸಿತ್ತು.

ಸುಬ್ಬಪ್ಪ


ದುರ್ಗಿಗುಡಿ, ಶಿವಮೊಗ್ಗ
೨೯ ಮಾರ್ಚ್ ೨೦೨೫

ಸುಬ್ಬಪ್ಪ ಅಂಕಲ್‌ಗೆ ನಮಸ್ಕಾರ.

ನಿನ್ನೆ ಮಧ್ಯಾಹ್ನ ಥೀಸಿಸ್ ಸಲ್ಲಿಕೆಯಾಯಿತು. ನಾಲ್ಕು ಅಧ್ಯಾಯ. ಐದನೆಯದನ್ನು ಬಿಟ್ಟೆವು. ಇದನ್ನು ನಿಮ್ಮ ಎದುರಿಗೆ ಕೂತು ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

ಮಾಡಬಹುದಾದ್ದನ್ನೆಲ್ಲ ಮಾಡಿದೆ. ರಿಪೇರಿ ಅಂಗಡಿಯವರಿಗೆ ಲ್ಯಾಪ್‌ಟಾಪ್ ತೋರಿಸಿದೆ. ಆ ಕಡತದ ಮೇಲೆ ಎಷ್ಟೋ ಸಲ ಸೇವ್ ಆಗಿದೆ, ಹಳೆಯದು ಸಿಗುವುದಿಲ್ಲ ಎಂದರು. ಅವಳು ಫೋಟೋಗಳನ್ನು ಕತ್ತರಿಸಿ ಹೊಸದಾಗಿ ಸೇವ್ ಮಾಡಿದ್ದಾಳೆ, ಹಾಗಾಗಿ ತೆಗೆದ ದಿನವೂ ಜಾಗವೂ ಅವುಗಳಲ್ಲಿ ಉಳಿದಿಲ್ಲ. ನನ್ನ ಹತ್ತಿರವಿದ್ದ ಹಳೆಯ ಪ್ರತಿಯಲ್ಲಿ ಎರಡೇ ಅಧ್ಯಾಯ. ಅಡಿಬರಹ ಖಾಲಿ ಇದ್ದರೂ ನಡೆಯುವ ಹಾಗೆ ಜೋಡಿಯನ್ನು ಬದಲಿಸಿ ಮೇಡಂಗೆ ತೋರಿಸಿದೆ. ಯಾವ ಮರ, ಯಾವ ಊರು ಎಂದು ಆಧಾರವಿಲ್ಲದ ಚಿತ್ರ ಹಾಕಿದರೆ ಉಳಿದ ನಾಲ್ಕು ಅಧ್ಯಾಯಕ್ಕೂ ಕುತ್ತು ಎಂದರು. ಅವರು ಹೇಳಿದ್ದು ಸರಿ. ಊಹೆ ಮಾಡಿ ಬರೆದುಬಿಡೋಣ ಎಂದು ಒಂದು ದಿನ ಕೂತಿದ್ದೆ ಕೂಡ. ಚಿತ್ರ ಐದು-ಎರಡು, ಆಯನೂರು, ಮಾವು ಎಂದು ಬರೆದೆ. ನೋಡಲು ಎಷ್ಟು ಸರಿಯಾಗಿತ್ತು ಗೊತ್ತಾ? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳಿಸಿದೆ.

ಲ್ಯಾಪ್‌ಟಾಪ್ ಸಿಕ್ಕ ಮೇಲೆ ಒಂದು ಭಾನುವಾರ ನಾನು ಕೊನೆಗೂ ನಿಮ್ಮ ಮನೆಗೆ ಬಂದೆನಲ್ಲ, ಆಗ ನೀವು ಹಾಲು ತರಲು ಹೋಗಿದ್ದಿರಿ. ಆಗ ನಡೆದದ್ದನ್ನು ನಿಮಗೆ ಹೇಳಿಲ್ಲ. ಒಂದೊಂದೇ ಫೋಟೋ ತೋರಿಸಿ ಅವಳನ್ನು ಕೇಳಿದೆ. "ಇದು ಆಯನೂರಾ?" ಅಂದೆ, ತಲೆ ಆಡಿಸಿದಳು. ಬರೆದುಕೊಂಡೆ. ಸುಮ್ಮನೆ ಪರೀಕ್ಷೆಗೆ ಅದೇ ಫೋಟೋ ಹಿಡಿದು "ಮಾಚೇನಹಳ್ಳಿಯಾ?" ಅಂದೆ. ಅದಕ್ಕೂ ತಲೆ ಆಡಿಸಿದಳು. "ನಮ್ಮ ಅಂಗಡಿಯಾ?" ಅಂದೆ, ಅದಕ್ಕೂ. ಆಮೇಲೆ ಅವಳಿಗೇ ಸಿಟ್ಟು ಬಂದು ಫೋಟೋಗಳನ್ನು ನೆಲಕ್ಕೆ ತಳ್ಳಿದಳು. ಅವಳಿಗೆ ಗೊತ್ತಿದೆ ಅಂಕಲ್, ಹನ್ನೊಂದೂ ಗೊತ್ತಿದೆ. ಹೊರಗೆ ಬರುತ್ತಿಲ್ಲ.

ನಾವು ಯಾಕೆ ಮಾತು ಬಿಟ್ಟೆವು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡನೇ ವರ್ಷ ಲ್ಯಾಬಿನಲ್ಲಿ ಎಲ್ಲರ ಎದುರು ಅವಳು "ಸ್ಫೂ ಮಾಡಿದ್ದು ಫೋಟೋ ಅಂಟಿಸಿದ್ದಷ್ಟೇ" ಅಂದಳು. ಅಷ್ಟೇ ಕಾರಣ. ಅಪಘಾತದ ಸುದ್ದಿ ನನಗೆ ಮರುದಿನವೇ ಗೊತ್ತಾಗಿತ್ತು. ಬರಲಿಲ್ಲ. ಜನವರಿಯಲ್ಲಿ ನೀವು ಕರೆದಾಗಲೂ ಬರಲಿಲ್ಲ. ಸೀಸನ್ ಎಂದು ಬರೆದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅವತ್ತು ಬಂದಿದ್ದರೆ ಆ ಸಾಲುಗಳು ಇರುತ್ತಿದ್ದವು. ನೀವು ನಿಮ್ಮನ್ನೇ ಬೈದುಕೊಳ್ಳಬೇಡಿ.

ಹೊರಡುವ ಮೊದಲು ಅವಳನ್ನು ಕೇಳಿದೆ. "ನನ್ ಹತ್ರ ಏನ್ ಕೇಳ್ಬೇಕಿತ್ತೇ ಮಾರಾಯ್ತಿ?" ನನ್ನ ಮಣಿಕಟ್ಟು ಹಿಡಿದು "ಬಾ ಬಾ" ಅಂದಳು. ಅಷ್ಟರಲ್ಲಿ ನೀವು ಬಂದಿರಿ.

ಬೈಂಡ್ ಮಾಡಿಸಿದ ಒಂದು ಪ್ರತಿ ಕಳಿಸುತ್ತಿದ್ದೇನೆ, ಅವಳಿಗೆ ಕೊಡಿ. ಐದನೇ ಅಧ್ಯಾಯವನ್ನು ಬೇರೆಯಾಗಿ, ಅಡಿಬರಹದ ಜಾಗ ಖಾಲಿ ಬಿಟ್ಟು ಪ್ರಿಂಟ್ ಹಾಕಿದ್ದೇನೆ. ಅದನ್ನು ಕೊಡುವುದೋ ಬೇಡವೋ, ನೀವೇ ನೋಡಿ.

ಸ್ಫೂರ್ತಿ


ಕಾಗದನಗರ
೨೦ ಏಪ್ರಿಲ್ ೨೦೨೫

ಅಮ್ಮಾ ಸ್ಫೂರ್ತಿ,

ಪುಸ್ತಕ ಬಂತು. ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಅವಳ ಹೆಸರು. ಸಣ್ಣಮ್ಮ ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋದಳು, ಕಲೆಯಾಗುತ್ತದೆ ಎಂದು ನಾನೇ ತಡೆದೆ. ನನ್ನ ಬುದ್ಧಿ ಇನ್ನೂ ಹೋಗಿಲ್ಲ.

ದಿವ್ಯಾಳ ಮಡಿಲಲ್ಲಿಟ್ಟೆ. ಎಡಗೈಯಲ್ಲಿ ಒಂದೊಂದೇ ಪುಟ ತಿರುವಿದಳು. ನಿನ್ನ ಜೋಡಿ ಬಂದಲ್ಲೆಲ್ಲ ನಿಂತು ಬೆರಳಾಡಿಸಿದಳು. ನಾಲ್ಕನೆಯದು ಮುಗಿಯಿತು. ಮುಂದೆ ತಿರುವಿದಳು, ರಟ್ಟು ಬಂತು. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು. ರಟ್ಟನ್ನೂ ಉಗುರಿನಿಂದ ಕೆರೆದು ನೋಡಿದಳು, ಒಳಗೆ ಅಂಟಿಕೊಂಡಿದೆಯೋ ಏನೋ ಅಂತ. ಆಮೇಲೆ ನನ್ನ ಮುಖ ನೋಡಿದಳು. ನಾನು ಎದ್ದು ಬಚ್ಚಲುಮನೆಗೆ ಹೋದೆ.

ನಾಲ್ಕು ದಿನ ಹಾಗೇ ನಡೆಯಿತು. ಐದನೇ ದಿನ ನೀನು ಕಳಿಸಿದ ಬಿಡಿ ಪುಟಗಳನ್ನು ಅವಳ ಮುಂದಿಟ್ಟು ಹೇಳಿಬಿಟ್ಟೆ. "ನಾನೇ ಅಳಿಸಿದ್ದು ಮಗಳೆ. ಕಸ ಅಂದ್ಕೊಂಡೆ" ಅಂದೆ. ಸಣ್ಣಮ್ಮ ಬಾಗಿಲಲ್ಲಿ ನಿಂತಿದ್ದಳು, ಅವಳಿಗೂ ಆಗಲೇ ಗೊತ್ತಾದದ್ದು. ದಿವ್ಯಾ ಅಳಲಿಲ್ಲ. ನನ್ನ ಜೇಬಿನ ಪೆನ್ಸಿಲ್ ಕಡೆ ಕೈ ಚಾಚಿದಳು, ಕೊಟ್ಟೆ. ಮೊದಲ ಜೋಡಿಯ ಕೆಳಗೆ ಖಾಲಿ ಜಾಗದಲ್ಲಿ ಸೊಟ್ಟಗೆ ಒಂದು ಸೊನ್ನೆ, ಒಂದು ಗೀಟು, ಇನ್ನೊಂದು ಸೊನ್ನೆ ಬರೆದಳು. ಶೇಕಡಾ ಗುರುತು. ಅಕ್ಟೋಬರ್‌ನಿಂದ ಈಚೆಗೆ ಅವಳ ಕೈಯಿಂದ ಬಂದ ಮೊದಲ ಬರಹ. ಪುಟ ತಿರುವಿ ಎರಡನೆಯದಕ್ಕೂ ಹಾಕಿದಳು. ಹೀಗೆ ಹನ್ನೊಂದಕ್ಕೂ ಹಾಕಿದಳು. ಗುರುತಿನ ಮುಂದೆ ಏನೂ ಇಲ್ಲ. 

ಮುಗಿಸಿ ಪೆನ್ಸಿಲನ್ನು ನನ್ನ ಕೈಗಿಟ್ಟು, ಮೊದಲ ಪುಟ ನನ್ನ ಕಡೆ ತಳ್ಳಿದಳು. ನೀನು ಅಳಿಸಿದ್ದನ್ನು ನೀನೇ ಬರೆ ಅಂದಳೋ, ಸುಮ್ಮನೆ ಸಾಕಾಗಿ ಕೊಟ್ಟಳೋ ನನಗೆ ಗೊತ್ತಿಲ್ಲ. ನಾನು ಬಲ್ಲದ್ದು ಅದೊಂದೇ ಚಿತ್ರ. ಅವಳ ಗುರುತಿನ ಮುಂದೆ ಬರೆದೆ: "ಬೇವಿನ ಮರ, ನಮ್ಮ ಮನೆ ಮುಂದೆ, ಕಾಗದನಗರ. ಗಿರಣಿಯ ಹೊಗೆ ಮಳೆಗಾಲದಲ್ಲಿ ಮೂಡಲಿಗೆ ಹೋಗುತ್ತಿತ್ತು, ಚಳಿಗಾಲದಲ್ಲಿ ಪಡುವಲಿಗೆ."

ಅವಳಿಗೆ ಓದಲು ಬರುವುದಿಲ್ಲವಲ್ಲ, ಗಟ್ಟಿಯಾಗಿ ನಾನೇ ಓದಿ ಹೇಳಿದೆ. "ಇದನ್ನೇ ತಾನೆ ನೀನು ಕೇಳ್ಬೇಕು ಅಂತಿದ್ದಿದ್ದು?" ಅಂದೆ. ತಲೆ ಆಡಿಸಿದಳು. ಅವಳು ಎಲ್ಲದಕ್ಕೂ ಆಡಿಸುತ್ತಾಳೆ, ನಿನಗೆ ಗೊತ್ತಲ್ಲ.

ಉಳಿದ ಹತ್ತು ಪುಟ ಮೇಜಿನ ಮೇಲೆ ಹಾಗೇ ಇವೆ. ಬಿಡುವಾದಾಗ ಬಂದು ಹೋಗು. ಸಣ್ಣಮ್ಮ ರೊಟ್ಟಿ ಹಾಕುತ್ತಾಳೆ.

ಸುಬ್ಬಪ್ಪ